ಪಂಡಿತ್ ರಂಗಮಂದಿರದ ಪಂಡಿತ್ ಯಾರು?

ಕಲಬುರಗಿಯ ಡಾ. ಎಸ್. ಎಂ. ಪಂಡಿತ್ ರಂಗಮಂದಿರದ ಹೆಸರು ನಮ್ಮ ಭಾಗದಲ್ಲಿ ಕೇಳದವರು ಕಡಿಮೆ. ನಾಟಕ ನೋಡಲು, ಪುಸ್ತಕ ಬಿಡುಗಡೆಗೆ, ಜಯಂತಿಗೆ, ಸನ್ಮಾನಕ್ಕೆ ಅಂತ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಕಡೆಯ ಜನ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಆದರೆ "ಈ ಪಂಡಿತ್ ಯಾರ್ರೀ?" ಅಂತ ಕೇಳಿ ನೋಡಿ. ಹಿಂದೂಸ್ತಾನಿ ಗವಾಯಿ ಇರಬೇಕು ಅಂತ ಒಬ್ಬರು ಹೇಳಬಹುದು. ದೊಡ್ಡ ವಿದ್ವಾಂಸರು ಇರಬೇಕು ಅಂತ ಇನ್ನೊಬ್ಬರು.

ಎರಡೂ ಅಲ್ಲ. ಅವರು ಚಿತ್ರಕಾರರು. ಪೂರ್ತಿ ಹೆಸರು ಸಂಬಾನಂದ ಮೋನಪ್ಪ ಪಂಡಿತ್. 1916ರ ಮಾರ್ಚ್ 25ರಂದು ಕಲಬುರಗಿಯಲ್ಲೇ ಹುಟ್ಟಿದವರು.

ವಿಚಿತ್ರ ಏನೆಂದರೆ, ಅವರ ಹೆಸರು ನಮಗೆ ಗೊತ್ತು, ಅವರ ಕೈಯ ಚಿತ್ರವೂ ನಮ್ಮ ಅಜ್ಜ ಅಜ್ಜಿಗೆ ಗೊತ್ತಿರಬಹುದು. ದೇವರ ಜಗಲಿಯ ಮೇಲೆ, ಕಿರಾಣಿ ಅಂಗಡಿಯ ಗಲ್ಲಾದ ಹಿಂದೆ, ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿದ್ದ ಹಳೆಯ ಕ್ಯಾಲೆಂಡರಿನ ರಾಧಾಕೃಷ್ಣ, ಶಿವಪಾರ್ವತಿಯರಲ್ಲಿ ಕೆಲವು ಅವರು ಬರೆದವು, ಇನ್ನೆಷ್ಟೋ ಅವರನ್ನು ನೋಡಿ ಬೇರೆಯವರು ಬರೆದವು. ಆದರೆ ರಂಗಮಂದಿರದ ಮೇಲಿನ ಹೆಸರಿಗೂ ಗೋಡೆಯ ಮೇಲಿನ ಚಿತ್ರಕ್ಕೂ ನಂಟು ಹಾಕಿಕೊಟ್ಟವರು ಯಾರೂ ಇಲ್ಲ. ಆ ನಂಟು ಹುಡುಕುವುದೇ ಈ ಬರಹದ ಕೆಲಸ.

ಒಬ್ಬರದೇ ಪ್ರದರ್ಶನ ಅಂದರೇನು?

ಮೊದಲು ಒಂದು ಮಾತು ಬಿಡಿಸಿಕೊಳ್ಳೋಣ. ಹತ್ತಾರು ಕಲಾವಿದರು ತಲಾ ಒಂದೆರಡು ಚಿತ್ರ ತಂದು ತೂಗುಹಾಕಿದರೆ ಅದು ಸಮೂಹ ಪ್ರದರ್ಶನ. ಒಬ್ಬರೇ ಕಲಾವಿದರ ಕೃತಿಗಳಷ್ಟೇ ಇದ್ದರೆ ಅದು ಏಕವ್ಯಕ್ತಿ ಪ್ರದರ್ಶನ. ಮೊದಲನೆಯದು ಸಂತೆಯಂತೆ, ನಾಲ್ಕಾರು ಕಡೆಯ ಮಾಲು ಒಂದೇ ಕಡೆ ಸಿಗುತ್ತದೆ. ಎರಡನೆಯದು ಒಬ್ಬ ರೈತನ ಹೊಲ ಹೊಕ್ಕಂತೆ. ಯಾವ ಮೂಲೆಯಲ್ಲಿ ತೊಗರಿ ಹಾಕಿದ್ದಾನೆ, ಎಲ್ಲಿ ಜೋಳ, ಎಲ್ಲಿ ಬದು ಒಡೆದಿದೆ, ಯಾವ ವರ್ಷ ಏನು ಹೊಸದು ಮಾಡಿ ನೋಡಿದ್ದಾನೆ, ಎಲ್ಲ ಕಾಣುತ್ತದೆ.

ಈ ಪದ್ಧತಿ ನಮ್ಮಲ್ಲಿ ಹಳೆಯದಲ್ಲ. ಬಾಂಬೆ ಆರ್ಟ್ ಸೊಸೈಟಿ 1888ರಲ್ಲಿ ಶುರುವಾಯಿತು. ಅದರ ವಾರ್ಷಿಕ ಪ್ರದರ್ಶನಗಳಲ್ಲಿ ಹಲವರ ಚಿತ್ರಗಳು ಒಟ್ಟಿಗೆ ಇರುತ್ತಿದ್ದವು. ಒಬ್ಬರದೇ ಪ್ರದರ್ಶನ ದೊಡ್ಡ ಸುದ್ದಿಯಾಗತೊಡಗಿದ್ದು 1930ರ ದಶಕದಲ್ಲಿ. 1930ರಲ್ಲಿ ಕವಿ ರವೀಂದ್ರನಾಥ ಟಾಗೋರರ ಚಿತ್ರಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು. 1937ರಲ್ಲಿ ಅಮೃತಾ ಶೇರ್‌ಗಿಲ್ ಲಾಹೋರಿನ ಒಂದು ಹೋಟೆಲಿನಲ್ಲಿ ತಮ್ಮ ಚಿತ್ರಗಳನ್ನು ಇಟ್ಟರು. ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ಬಾಗಿಲು ತೆರೆದ ಮೇಲೆ, ಅಲ್ಲಿ ಒಬ್ಬರದೇ ಪ್ರದರ್ಶನ ಮಾಡುವುದು ಕಲಾವಿದರ ದೊಡ್ಡ ಆಸೆಯಾಯಿತು.

ಅಂದರೆ "ಈ ಚಿತ್ರ ಇಂಥವರದು, ಅವರ ಬದುಕಿಡೀ ಕೆಲಸ ಇದು" ಅಂತ ಎದ್ದು ಹೇಳುವ ಪದ್ಧತಿಗೆ ನಮ್ಮ ದೇಶದಲ್ಲಿ ಸುಮಾರು ನೂರು ವರ್ಷ. ಅದಕ್ಕೂ ಮುಂಚೆ?

ಕಲ್ಲಿನಲ್ಲಿ ರಾಜನ ಹೆಸರು, ಕೆತ್ತಿದವನದಲ್ಲ

ಅದಕ್ಕೂ ಮುಂಚಿನ ಕಥೆ ನಮ್ಮ ಕಾಲ ಕೆಳಗೇ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯಲ್ಲಿ, ಚಂದ್ರಲಾಂಬಾ ಗುಡಿ ಇದೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲು ಬಯಲಿಗೆ ಬಂದಾಗ ಅದರ ಮೇಲೆ ಸಾಮ್ರಾಟ ಅಶೋಕನ ಶಾಸನ ಇತ್ತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅದರ ಒಂದು ಕಲ್ಲಿನ ಮೇಲೆ ರಾಜ, ರಾಣಿ, ಛತ್ರ ಚಾಮರ ಹಿಡಿದವರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಒಂದು ಸಾಲು: "ರಾಯೊ ಅಸೋಕೊ". ರಾಜ ಅಶೋಕ.

ಈ ಕಲ್ಲು ಕೆತ್ತುವ ಹೊತ್ತಿಗೆ ಅಶೋಕ ತೀರಿಕೊಂಡು ನೂರಾರು ವರ್ಷ ಆಗಿತ್ತು. ಕೆತ್ತಿದವನು ರಾಜನ ಮುಖ ಕಂಡವನಲ್ಲ. ಕಾಣದ ಮುಖವನ್ನು ಮನಸ್ಸಿನಲ್ಲಿ ಕಂಡುಕೊಂಡು, ಮೈಕಟ್ಟು ಕೊಟ್ಟು, ಪಕ್ಕದಲ್ಲಿ ರಾಣಿಯನ್ನು ನಿಲ್ಲಿಸಿ, "ಇವನೇ ಅಶೋಕ" ಅಂತ ನಮಗೆ ಕೊಟ್ಟ. ರಾಜನ ಹೆಸರು ಕಲ್ಲಿನ ಮೇಲಿದೆ. ಸ್ತೂಪಕ್ಕೆ ದಾನ ಕೊಟ್ಟ ಎಷ್ಟೋ ಜನರ ಹೆಸರುಗಳೂ ಅಲ್ಲಿನ ಕಲ್ಲುಗಳ ಮೇಲಿವೆ. ಆದರೆ ಅಶೋಕನಿಗೆ ಆ ಮುಖ ಕೊಟ್ಟ ಕೈ ಯಾರದು ಅಂತ ಆ ಸಾಲು ಹೇಳುವುದಿಲ್ಲ.

ಕೆತ್ತುವವರು ಎಲ್ಲೂ ಹೆಸರು ಹಾಕುತ್ತಿರಲಿಲ್ಲ ಅಂತಲ್ಲ. ಹೊಯ್ಸಳರ ಕಾಲಕ್ಕೆ ಬಂದರೆ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟಿದ್ದಾರೆ. ನಮ್ಮ ನೆರೆಯ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬಂಗಾರದ ವರಕು ಹಚ್ಚಿ ಬರೆಯುವ ಸೂಕ್ಷ್ಮ ಚಿತ್ರಗಳ ಪರಂಪರೆ ಬೆಳೆಯಿತು. ಅಲ್ಲಿ ಗರುಡಾದ್ರಿ ಮನೆತನದ ಹೆಸರು ಇಂದಿಗೂ ಉಳಿದಿದೆ. ಹೆಸರು ಬಿಟ್ಟವರು ಇದ್ದರು, ಆದರೆ ಬಿಡದೆ ಹೋದವರೇ ಬಹಳ.

ಆ ಸನ್ನತಿಯ ಕಲ್ಲು ಯಾವುದು ಗೊತ್ತೇ? ಸುಣ್ಣದಕಲ್ಲು. ನಮ್ಮ ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರಸಿಯೂ ಸುಣ್ಣದಕಲ್ಲೇ. ವಾಡಿ, ಸೇಡಂ, ಮಳಖೇಡದ ಆದಿತ್ಯನಗರದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ನಿಂತದ್ದೂ ಇದೇ ಕಲ್ಲಿಗಾಗಿ. ಇದೇ ಜಾತಿಯ ಕಲ್ಲು ಕ್ಯಾಲೆಂಡರಿನ ಕಥೆಯಲ್ಲೂ ಬರುತ್ತದೆ. ಸ್ವಲ್ಪ ತಡೆಯಿರಿ.

ವಾಡಿ ದಾಟಿ ಬಂದ ರೈಲು

ಪಂಡಿತರು ಹುಟ್ಟಿದಾಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಚಿತ್ರ ತೆಗೆಯುವ ಹುಚ್ಚಿದ್ದ ಹುಡುಗ ಮುಂದೆ ಕಲಿಯಬೇಕೆಂದರೆ ಊರು ಬಿಡಲೇಬೇಕು. ಆದರೆ ಕಲಬುರಗಿಗೆ ಒಂದು ಅನುಕೂಲ ಇತ್ತು. ಮುಂಬೈ ಕಡೆಯಿಂದ ಬಂದ ರೈಲು ಹಳಿ ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಕೂಡಿತ್ತು. ಒಂದೇ ಹಳಿಯ ಎರಡು ತುದಿಯಲ್ಲಿ ಎರಡು ದೊಡ್ಡ ಕಲಾಶಾಲೆಗಳು. ಒಂದು ಮದ್ರಾಸಿನಲ್ಲಿ, ಇನ್ನೊಂದು 1857ರಿಂದ ನಡೆಯುತ್ತಿದ್ದ ಮುಂಬೈಯ ಜೆ. ಜೆ. ಸ್ಕೂಲ್ ಆಫ್ ಆರ್ಟ್.

ಪಂಡಿತರು ಎರಡೂ ದಿಕ್ಕಿಗೆ ಹೋದರು. ಮದ್ರಾಸಿನ ಕಲಾಶಾಲೆಯ ಡಿಪ್ಲೊಮಾ ಮಾಡಿಕೊಂಡರು. ಮುಂಬೈಯಲ್ಲಿ ಜಿ. ಎಸ್. ದಂಡಾವತಿಮಠ ಅವರ ನೂತನ ಕಲಾ ಮಂದಿರ ಸೇರಿದರು. ಉತ್ತರ ಕರ್ನಾಟಕದ ಹುಡುಗರಿಗೆ ಮುಂಬೈಯಂಥ ಮಹಾನಗರದಲ್ಲಿ ಆ ಶಾಲೆ ಒಂದು ಆಸರೆಯಾಗಿತ್ತು. ಆಮೇಲೆ ಜೆ. ಜೆ. ಶಾಲೆಯಲ್ಲೂ ಕಲಿತರು. ಅಲ್ಲಿ ಕಲಿಸುತ್ತಿದ್ದದ್ದು ಪಾಶ್ಚಾತ್ಯ ರೀತಿಯ ನೈಜ ಚಿತ್ರಣ: ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ಎಲುಬು, ಮಾಂಸಖಂಡ, ಬೆಳಕು ನೆರಳು ನೋಡಿ ಬರೆಯುವುದು.

ಆದಿತ್ಯನಗರದಲ್ಲೊಂದು ಪ್ರದರ್ಶನ ಅಂದುಕೊಳ್ಳೋಣ

ಈಗ ಒಂದು ಕಲ್ಪನೆ. ಆದಿತ್ಯನಗರದ ಒಂದು ಸಭಾಂಗಣದಲ್ಲಿ ಪಂಡಿತರ ಎಲ್ಲ ಬಗೆಯ ಕೆಲಸವನ್ನು ಒಟ್ಟಿಗೆ ತೂಗುಹಾಕಿದ್ದಾರೆ ಅಂದುಕೊಳ್ಳಿ. ಮಳಖೇಡ, ಸೇಡಂ ಕಡೆಯ ಜನ ಬಂದಿದ್ದಾರೆ. ಒಳಗೆ ಒಂದು ಸುತ್ತು ಹಾಕೋಣ. ಹೊರಗೆ ಬರುವಾಗ "ಇದೆಲ್ಲ ಒಬ್ಬರೇ ಬರೆದದ್ದಾ?" ಅನ್ನದೇ ಇರುವುದು ಕಷ್ಟ.

ಮೊದಲ ಗೋಡೆ: ಸಿನಿಮಾ ಮಂದಿರದ ಚಿತ್ರಗಳು. 1938ರಲ್ಲಿ ಮುಂಬೈಯ ಧೋಬಿ ತಲಾವ್ ಹತ್ತಿರ ಮೆಟ್ರೊ ಎಂಬ ಚಿತ್ರಮಂದಿರ ಶುರುವಾಯಿತು. ಅದು ಹಾಲಿವುಡ್ಡಿನ ಎಂ.ಜಿ.ಎಂ. ಕಂಪನಿಯದು. ಮಂದಿರದ ಒಳಾಂಗಣದಲ್ಲಿ ಗಾಜಿನ ಹಿಂದೆ, ಬರಲಿರುವ ಸಿನಿಮಾದ ಬಣ್ಣದ ಫಲಕ ಇಡುತ್ತಿದ್ದರು. ಇವುಗಳಿಗೆ ಶೋಕಾರ್ಡ್ ಅನ್ನುತ್ತಾರೆ. ಅವನ್ನು ಬರೆಯುವ ಕೆಲಸ ಪಂಡಿತರಿಗೆ ಸಿಕ್ಕಿತು. ಕಲಬುರಗಿಯ ಇಪ್ಪತ್ತೆರಡರ ಹುಡುಗ ಹಾಲಿವುಡ್ ನಟ ನಟಿಯರ ಮುಖ ಬರೆದು ಮುಂಬೈಯ ಜನರನ್ನು ನಿಲ್ಲಿಸಿ ನೋಡಿಸುತ್ತಿದ್ದ.

ಇಲ್ಲಿ ಬಣ್ಣ ನೋಡಿ. ಇದು ಗುವಾಶ್. ಹೆಸರು ಹೊಸದಾದರೂ ವಸ್ತು ಹೆಚ್ಚು ಕಡಿಮೆ ನಮ್ಮ ಮಕ್ಕಳ ಕೈಯಲ್ಲಿರುವ ಪೋಸ್ಟರ್ ಕಲರ್ ಬಾಟಲಿಯಂಥದ್ದೇ. ನೀರಿನಲ್ಲಿ ಕಲಸುತ್ತಾರೆ, ಆದರೆ ಜಲವರ್ಣದ ಹಾಗೆ ತೆಳ್ಳಗಲ್ಲ. ಜಲವರ್ಣದಲ್ಲಿ ಕೆಳಗಿನ ಬಿಳಿ ಕಾಗದ ಇಣುಕಬೇಕು, ತಪ್ಪಿದರೆ ತಿದ್ದುವುದು ಕಷ್ಟ. ಗುವಾಶ್ ಗಟ್ಟಿ. ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ, ಬೇಗ ಒಣಗುತ್ತದೆ, ಅಚ್ಚಿನಲ್ಲಿ ಬಣ್ಣ ಢಾಳಾಗಿ ಬರುತ್ತದೆ. ಶುಕ್ರವಾರ ಸಿನಿಮಾ, ಅಷ್ಟರೊಳಗೆ ಚಿತ್ರ ಮುಗಿಯಬೇಕು ಅನ್ನುವವರಿಗೆ ಇದೇ ಸರಿ. ಸಿನಿಮಾ ಪ್ರಚಾರದಲ್ಲಿ ಗುವಾಶನ್ನು ಪಂಡಿತರಷ್ಟು ಹಿಡಿತದಿಂದ ಬಳಸಿದವರು ವಿರಳ.

ಎರಡನೆಯ ಗೋಡೆ: ಪತ್ರಿಕೆಯ ಮುಖಪುಟ ಮತ್ತು ಪೋಸ್ಟರ್. ಬಾಬುರಾವ್ ಪಟೇಲ್ 1935ರಲ್ಲಿ ಮುಂಬೈಯಿಂದ ಶುರು ಮಾಡಿದ "ಫಿಲ್ಮ್‌ಇಂಡಿಯಾ" ಆ ಕಾಲದ ಹೆಸರುವಾಸಿ ಸಿನಿಮಾ ಪತ್ರಿಕೆ. ಅದರ ಮುಖಪುಟಗಳಿಗೆ ಪಂಡಿತರು ಚಿತ್ರ ಬರೆದರು. ಮುಂದೆ ಮುಂಬೈಯ ಶಿವಾಜಿ ಪಾರ್ಕ್ ಭಾಗದಲ್ಲಿ ಸ್ವಂತ ಸ್ಟುಡಿಯೋ ಹಾಕಿದರು. ರಾಜ್ ಕಪೂರರ "ಬರ್ಸಾತ್" (1949) ಸಿನಿಮಾದ ಪ್ರಚಾರ ಚಿತ್ರ ಅವರ ಕೆಲಸ. ಟಿವಿ ಇಲ್ಲದ, ಫೋನ್ ಇಲ್ಲದ ಕಾಲ ಅದು. ನೂರಾರು ಮೈಲಿ ದೂರದ ಊರಿನ ಗೋಡೆಯ ಮೇಲೆ ಅಂಟಿಸಿದ ಒಂದು ಕಾಗದ ನೋಡಿಯೇ ಜನ ಟಿಕೆಟ್ ತೆಗೆಯಬೇಕಿತ್ತು. ಮೂರು ತಾಸಿನ ಕಥೆಯನ್ನು ಒಂದು ಮುಖದ ಮೇಲೆ, ಒಂದು ಅಪ್ಪುಗೆಯ ಮೇಲೆ ತರಬೇಕಿತ್ತು. ಅದು ಸಣ್ಣ ವಿದ್ಯೆಯಲ್ಲ.

ಮೂರನೆಯ ಗೋಡೆ: ಕ್ಯಾಲೆಂಡರ್. ಇಲ್ಲಿ ಬಂದವರು ನಿಧಾನ ಆಗುತ್ತಾರೆ, ಯಾಕೆಂದರೆ ಇದು ಅವರ ಮನೆಯದೇ ಗೋಡೆ. ರಾಮಾಯಣ, ಮಹಾಭಾರತ, ಪುರಾಣದ ಸನ್ನಿವೇಶಗಳು. ಮೂಲ ಚಿತ್ರಗಳಲ್ಲಿ ಹಲವು ಕ್ಯಾನ್ವಾಸಿನ ಮೇಲೆ ತೈಲವರ್ಣದವು. ತೈಲವರ್ಣ ಅಂದರೆ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಂಥದರಲ್ಲಿ ಅರೆದದ್ದು. ಅಗಸೆ ನಮ್ಮ ಹೊಲದ ಬೆಳೆಯೇ. ಆ ಎಣ್ಣೆ ನಿಧಾನಕ್ಕೆ, ದಿನಗಟ್ಟಲೆ ಒಣಗುತ್ತದೆ. ಅಷ್ಟರಲ್ಲಿ ಒಂದು ಬಣ್ಣವನ್ನು ಇನ್ನೊಂದರೊಳಗೆ ಹದವಾಗಿ ಕೂಡಿಸಬಹುದು. ಕೆನ್ನೆಯ ನುಣುಪು, ಒಡವೆಯ ಹೊಳಪು, ಸೀರೆಯ ನೆರಿಗೆ ಇವೆಲ್ಲ ಹುಟ್ಟುವುದು ಆ ನಿಧಾನದಿಂದ.

ನಾಲ್ಕನೆಯ ಗೋಡೆ: ವ್ಯಕ್ತಿಚಿತ್ರಗಳು. ಧಾರ್ಮಿಕ ಗುರುಗಳು, ರಾಜಕೀಯ ನಾಯಕರು. ಕನ್ಯಾಕುಮಾರಿಯಲ್ಲಿ 1970ರಲ್ಲಿ ಲೋಕಾರ್ಪಣೆಯಾದ ವಿವೇಕಾನಂದ ಸ್ಮಾರಕಕ್ಕೂ ಪಂಡಿತರಿಗೂ ನಂಟಿದೆ. ಅಲ್ಲಿಗಾಗಿ ವಿವೇಕಾನಂದರ ಚಿತ್ರ ಬರೆದವರು ಇವರು. ನಮ್ಮ ಕಲಬುರಗಿಯ ಕೈ ಭಾರತದ ಕೊನೆಯ ತುದಿಯವರೆಗೂ ಹೋಗಿದೆ ಅನ್ನಿ.

ಶೋಕಾರ್ಡಿನಲ್ಲಿ ಹಾಲಿವುಡ್ಡಿನ ಥಳಕು. ಪೋಸ್ಟರಿನಲ್ಲಿ ಹಿಂದಿ ಸಿನಿಮಾದ ಪ್ರೇಮ. ಕ್ಯಾಲೆಂಡರಿನಲ್ಲಿ ಪುರಾಣ. ವ್ಯಕ್ತಿಚಿತ್ರದಲ್ಲಿ ಗಾಂಭೀರ್ಯ. ಕಾಗದ, ಕ್ಯಾನ್ವಾಸು, ನೀರು, ಎಣ್ಣೆ. ಏಕವ್ಯಕ್ತಿ ಪ್ರದರ್ಶನದ ಲಾಭ ಇದೇ. ಬೇರೆ ಬೇರೆ ಕಡೆ ನೋಡಿದಾಗ ಒಂದು ಸಿನಿಮಾ, ಒಂದು ದೇವರು ಅಂತ ಬಿಡಿಬಿಡಿಯಾಗಿ ಕಂಡದ್ದರ ಹಿಂದೆ ಒಂದೇ ಕೈ ಇರುವುದು ಅಲ್ಲಿ ಮಾತ್ರ ಕಾಣುತ್ತದೆ.

ಕಲ್ಲಿನಿಂದ ಇಳಿದ ದೇವರು

ಈಗ ಕಲ್ಲಿನ ಮಾತಿಗೆ ಬರೋಣ. ದೇವರ ಬಣ್ಣದ ಚಿತ್ರ ಬಡವರ ಮನೆಗೆ ಬಂದದ್ದು ಹೇಗೆ?

1796ರ ಸುಮಾರಿಗೆ ಜರ್ಮನಿಯ ಬವೇರಿಯಾದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಎಂಬಾತ ಹೊಸ ಬಗೆಯ ಮುದ್ರಣ ಕಂಡುಹಿಡಿದ. ಅದಕ್ಕೆ ಬೇಕಾದದ್ದು ನಯವಾದ ಸುಣ್ಣದಕಲ್ಲಿನ ಹಲಗೆ. ಅದರ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲಿಗೆ ನೀರು ಸವರಬೇಕು. ಜಿಡ್ಡಿದ್ದ ಕಡೆ ನೀರು ನಿಲ್ಲುವುದಿಲ್ಲ, ಉಳಿದ ಕಡೆ ನಿಲ್ಲುತ್ತದೆ. ಆಮೇಲೆ ಎಣ್ಣೆಯ ಮಸಿ ಉರುಳಿಸಿದರೆ ಅದು ಜಿಡ್ಡಿನ ಗೆರೆಗಷ್ಟೇ ಹತ್ತುತ್ತದೆ. ಮೇಲೆ ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ಎಣ್ಣೆ ನೀರು ಕೂಡುವುದಿಲ್ಲ ಅನ್ನುವ ನಮ್ಮ ಅಡುಗೆಮನೆಯ ತಿಳಿವಳಿಕೆಯೇ ಇದರ ಮೂಲ. ಇದೇ ಲಿಥೊ, ಅಂದರೆ ಕಲ್ಲಚ್ಚು. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು.

ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಇಂಥ ಮುದ್ರಣಾಲಯ ಹಾಕಿದರು. ಅರಮನೆಯ ಗೋಡೆಗೆ ಮಾತ್ರ ಸಿಗುತ್ತಿದ್ದ ಲಕ್ಷ್ಮಿ, ಸರಸ್ವತಿಯರ ಚಿತ್ರ ಕಾಗದವಾಗಿ ಸಾಮಾನ್ಯರ ಮನೆಗೆ ಬಂತು. ಗುಡಿಯ ಒಳಗೆ ಕಾಲಿಡಲು ಬಿಡದಿದ್ದ ಜನರ ಮನೆಯ ಗೋಡೆಗೂ ದೇವರು ನಡೆದುಬಂದ. ಸಮಾಜದ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ. ಮುಂದೆ ಕಲ್ಲಿನ ಜಾಗಕ್ಕೆ ಲೋಹದ ತೆಳು ತಗಡು ಬಂದು ಆಫ್‌ಸೆಟ್ ಮುದ್ರಣವಾಯಿತು. ಎಣ್ಣೆ ನೀರಿನ ಸೂತ್ರ ಮಾತ್ರ ಅದೇ ಉಳಿಯಿತು. ರವಿವರ್ಮ ತೆರೆದ ಆ ದಾರಿಯಲ್ಲಿ, ಸಿನಿಮಾದ ಬೆಳಕು ನೆರಳು ಕಲಿತುಕೊಂಡು ನಡೆದವರು ಪಂಡಿತರು.

ಸನ್ನತಿಯ ಶಿಲ್ಪಿ ಕಾಣದ ಅಶೋಕನಿಗೆ ಮುಖ ಕೊಟ್ಟ. ರವಿವರ್ಮ, ಪಂಡಿತರು ಕಾಣದ ದೇವರಿಗೆ ಮುಖ ಕೊಟ್ಟರು. ಇಂದು ನಾವು ಕಣ್ಣು ಮುಚ್ಚಿ ಕೃಷ್ಣನನ್ನು ನೆನೆದರೆ ಬರುವ ಮುಖ ಯಾವುದು? ಎಷ್ಟೋ ಸಲ ಅದು ಯಾರೋ ಚಿತ್ರಕಾರ ಬರೆದ ಮುಖ.

ಆದರೂ ಗ್ಯಾಲರಿಯವರು ಮುಖ ತಿರುಗಿಸಿದರು

ಇಷ್ಟು ಜನ ನೋಡಿದ ಚಿತ್ರಕಾರನಿಗೆ ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಜಾಗ ಕಡಿಮೆ. ಯಾಕೆ?

1947ರಲ್ಲಿ ಮುಂಬೈಯಲ್ಲಿ ಸೋಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಆರು ಜನ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದಷ್ಟೇ ಕಲೆಯಲ್ಲ, ಹೊಸ ಕಾಲಕ್ಕೆ ಹೊಸ ರೂಪ ಬೇಕು ಅನ್ನುವುದು ಅವರ ಹಟ. ಮುಂದಿನ ದಶಕಗಳಲ್ಲಿ ಗ್ಯಾಲರಿ, ವಿಮರ್ಶಕರು, ಕೊಳ್ಳುವ ಶ್ರೀಮಂತರು ಆ ಕಡೆ ಹೊರಳಿದರು. "ಕ್ಯಾಲೆಂಡರ್ ಆರ್ಟ್" ಅನ್ನುವುದು ಒಂದು ಬೈಗುಳದ ಮಾತಾಯಿತು.

ಇಲ್ಲೊಂದು ತಮಾಷೆ ಇದೆ. ಆ ಆರು ಜನರಲ್ಲಿ ಒಬ್ಬರಾದ ಎಂ. ಎಫ್. ಹುಸೇನ್ ಮೊದಲು ಹೊಟ್ಟೆಪಾಡಿಗೆ ಮುಂಬೈಯ ರಸ್ತೆಗಳಲ್ಲಿ ಸಿನಿಮಾದ ದೊಡ್ಡ ದೊಡ್ಡ ಹೋರ್ಡಿಂಗ್ ಬರೆಯುತ್ತಿದ್ದವರು. ಅವರು ರಸ್ತೆಯಿಂದ ಗ್ಯಾಲರಿಗೆ ಹೋದರು. ಪಂಡಿತರು ಕಲಾಶಾಲೆಯ ಪಾಠ ಮುಗಿಸಿ ಸಿನಿಮಾಕ್ಕೂ ಕ್ಯಾಲೆಂಡರಿಗೂ ಬಂದರು. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ಒಬ್ಬರ ಚಿತ್ರ ಇಂದು ಕೋಟಿಗಟ್ಟಲೆ ರೂಪಾಯಿಗೆ ಹರಾಜಾಗುತ್ತದೆ. ಇನ್ನೊಬ್ಬರ ಚಿತ್ರ ಕೋಟ್ಯಂತರ ಜನ ನೋಡಿದ್ದಾರೆ, ಹೆಸರು ಕೇಳದೆ.

ವಿಮರ್ಶಕರ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಕ್ಯಾಲೆಂಡರಿನ ದೇವರಿಗೆ ಸಿನಿಮಾ ನಾಯಕನ ಮೈಕಟ್ಟು ಬಂದದ್ದು ನಿಜ. ಎಲ್ಲ ಹೆಂಗಸರೂ ಒಂದೇ ಬಣ್ಣ, ಒಂದೇ ಚೆಲುವಿಗೆ ಇಳಿದದ್ದು ನಿಜ. ಬಿಸಿಲಲ್ಲಿ ತೊಗರಿ ಕೊಯ್ಯುವ ನಮ್ಮ ತಾಯಂದಿರ ಬಣ್ಣ ಆ ಗೋಡೆಯ ದೇವಿಯರಿಗೆ ಬರಲೇ ಇಲ್ಲ. ಕಂಪನಿಯವರು ಹಣ ಕೊಟ್ಟು ಬರೆಸುವಾಗ, ಎಲ್ಲರಿಗೂ ಹಿಡಿಸುವುದನ್ನೇ ಬರೆಯಬೇಕಾಗುತ್ತದೆ. ಈ ಪ್ರಶ್ನೆಗಳನ್ನು ಕೇಳಲೇಬೇಕು.

ಆದರೆ ಪ್ರಶ್ನೆ ಕೇಳಬೇಕೆಂದರೂ ಚಿತ್ರ ಎದುರಿಗಿರಬೇಕಲ್ಲ? ಬರೆದವರ ಹೆಸರು ಗೊತ್ತಿರಬೇಕಲ್ಲ? ನೋಡದೆಯೇ "ಅದು ಬರೀ ಕ್ಯಾಲೆಂಡರು" ಅಂತ ಪಕ್ಕಕ್ಕೆ ಸರಿಸುವುದು ವಿಮರ್ಶೆಯಲ್ಲ.

ಪಂಡಿತರು ಕೊನೆಯ ದಶಕಗಳಲ್ಲಿ ಮುಂಬೈ ಬಿಟ್ಟು ಕಲಬುರಗಿಗೆ ಮರಳಿದರು. ತಮಗಾಗಿ ಚಿತ್ರ ಬರೆದರು. 1978ರಲ್ಲಿ ಲಂಡನ್‌ನಲ್ಲಿ ಅವರ ಚಿತ್ರಗಳದೇ ಪ್ರದರ್ಶನ ನಡೆಯಿತು. ಆಗ ಅವರಿಗೆ 62 ವರ್ಷ. ಅಚ್ಚಾದ ಕಾಗದದ ಮೇಲೆ ಊರೂರು ಸುತ್ತಿದ ಚಿತ್ರಕಾರ, ತನ್ನ ಹೆಸರಿನ ಕೆಳಗೆ, ತನ್ನ ಮೂಲ ಕೃತಿಗಳೊಂದಿಗೆ ಸಮುದ್ರದಾಚೆ ನಿಂತ. ಗುಲಬರ್ಗಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1993ರ ಮಾರ್ಚ್ 30ರಂದು, 77 ತುಂಬಿದ ಐದೇ ದಿನಕ್ಕೆ, ಅವರು ತೀರಿಕೊಂಡರು.

ಹಾಳಾಗುತ್ತಿರುವುದು ಏನು?

ಪೋಸ್ಟರು ಅಂಟಿಸಲು ಹುಟ್ಟಿದ್ದು. ಮುಂದಿನ ಶುಕ್ರವಾರ ಅದರ ಮೇಲೆ ಇನ್ನೊಂದು ಅಂಟುತ್ತದೆ. ಕ್ಯಾಲೆಂಡರು ಒಂದು ವರ್ಷದ ಅತಿಥಿ. ಡಿಸೆಂಬರ್ ಮುಗಿದರೆ ಹಾಳೆ ಮಕ್ಕಳ ಪುಸ್ತಕಕ್ಕೆ ರಟ್ಟಾಗುತ್ತದೆ, ಡಬ್ಬಿ ಇಡುವ ಮಾಡದಲ್ಲಿ ಹಾಸಾಗುತ್ತದೆ. ಅಚ್ಚಿಗಾಗಿ ಬರೆದ ಮೂಲ ಚಿತ್ರವನ್ನು, ಅಚ್ಚು ಮುಗಿದ ಮೇಲೆ ಜೋಪಾನ ಮಾಡುವ ಪದ್ಧತಿಯೂ ಆ ಧಂದೆಯಲ್ಲಿ ಗಟ್ಟಿಯಾಗಿರಲಿಲ್ಲ. ಹಾಗಾಗಿ ಅತಿ ಹೆಚ್ಚು ಜನ ನೋಡಿದ ಚಿತ್ರಗಳೇ ಅತಿ ಬೇಗ ಅಳಿದವು.

ಸನ್ನತಿಯ ಕಲ್ಲು ಸುಮಾರು ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದರೂ ಉಳಿಯಿತು. ಕಾಗದ ಹಾಗಲ್ಲ. ನಾವು ಉಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗಾಗಿ ಮನೆಯಲ್ಲಿ ಒಂದು ಕೆಲಸ ಮಾಡಿ. ಅಜ್ಜನ ಕಾಲದ ಫ್ರೇಮ್ ಹಾಕಿಸಿದ ದೇವರ ಚಿತ್ರ ಇದ್ದರೆ ಅದರ ಗಾಜು ಒರೆಸಿ, ಕೆಳಗಿನ ಎರಡೂ ಮೂಲೆ ನೋಡಿ. ಚಿತ್ರಕಾರನ ಸಹಿ ಅಲ್ಲಿರಬಹುದು. ಅಂಚಿನಲ್ಲಿ ಮುದ್ರಣಾಲಯದ ಹೆಸರು, ಕಂಪನಿಯ ಹೆಸರು, ಇಸವಿ ಇರಬಹುದು. ಸಹಿ ಯಾರದೇ ಇರಲಿ, ಪಂಡಿತರದೇ ಆಗಬೇಕಿಲ್ಲ. ಫೋನಿನಲ್ಲಿ ಒಂದು ಫೋಟೋ ತೆಗೆದು, ಚಿತ್ರ ಯಾವಾಗ, ಎಲ್ಲಿಂದ ಮನೆಗೆ ಬಂತು ಅಂತ ಹಿರಿಯರನ್ನು ಕೇಳಿ ಬರೆದಿಡಿ. ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಆಗುವುದಿಲ್ಲ. ಬಿಸಿಲು ಬೀಳುವ ಗೋಡೆಯಿಂದ, ಮಳೆಗಾಲದಲ್ಲಿ ತಂಪು ಹಿಡಿಯುವ ಗೋಡೆಯಿಂದ ದೂರ ಇಡಿ.

ಪ್ರದರ್ಶನಕ್ಕೆ ಹೋಗಲು ಹಿಂಜರಿಯಬೇಡಿ

ಇನ್ನೊಂದು ಮಾತು. ಕಲಬುರಗಿಯಲ್ಲಿ ಐಡಿಯಲ್ ಫೈನ್ ಆರ್ಟ್, ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯದಂಥ ಸಂಸ್ಥೆಗಳಿವೆ. ಚಿತ್ರಕಲಾ ಪ್ರದರ್ಶನಗಳು ನಡೆಯುತ್ತವೆ. ಸಾಮಾನ್ಯವಾಗಿ ಇಂಥವಕ್ಕೆ ಟಿಕೆಟ್ ಇರುವುದಿಲ್ಲ. ಆದರೂ ಹಳ್ಳಿಯಿಂದ ಬಂದವರು ಬಾಗಿಲಲ್ಲೇ ನಿಂತು "ನಮಗೇನು ತಿಳೀತದ?" ಅಂತ ವಾಪಸಾಗುತ್ತಾರೆ.

ತಿಳಿಯಲು ಬೇಕಾದದ್ದು ಸ್ವಲ್ಪವೇ. ಚಿತ್ರದ ಪಕ್ಕ ಒಂದು ಚೀಟಿ ಇರುತ್ತದೆ. ಅದರಲ್ಲಿ ಹೆಸರು, ಮಾಧ್ಯಮ, ಅಳತೆ, ಇಸವಿ. ಮಾಧ್ಯಮ ಅಂದರೆ ಯಾವುದರ ಮೇಲೆ ಯಾವುದರಿಂದ ಬರೆದದ್ದು: ಕಾಗದದ ಮೇಲೆ ಜಲವರ್ಣ, ಕ್ಯಾನ್ವಾಸಿನ ಮೇಲೆ ತೈಲವರ್ಣ, ಹೀಗೆ. ಚೀಟಿಯ ಮೇಲೆ ಕೆಂಪು ಚುಕ್ಕೆ ಇದ್ದರೆ ಆ ಚಿತ್ರ ಮಾರಾಟವಾಗಿದೆ ಅಂತ ಅರ್ಥ. ಮೊದಲು ದೂರ ನಿಂತು ಇಡೀ ಚಿತ್ರ ನೋಡಿ. ಆಮೇಲೆ ಹತ್ತಿರ ಹೋಗಿ ಕುಂಚ ಎಲ್ಲಿ ದಪ್ಪ, ಎಲ್ಲಿ ತೆಳು ನೋಡಿ. ಮುಟ್ಟಬೇಡಿ, ಅಷ್ಟೇ. ಬರೆದವರು ಅಲ್ಲೇ ಇದ್ದರೆ ಧೈರ್ಯವಾಗಿ ಕೇಳಿ: "ಇದನ್ನ ಯಾಕ ಹಿಂಗ ಮಾಡೀರಿ?" ಒಳ್ಳೆಯ ಕಲಾವಿದರಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಇಲ್ಲ. ಕೆಲವು ಚಿತ್ರ ಅರ್ಥವಾಗದಿದ್ದರೆ ಬಿಡಿ. ಗವಾಯಿಗಳ ರಾಗವೂ ಎಲ್ಲರಿಗೂ ಮೊದಲ ಸಲಕ್ಕೇ ಹತ್ತುವುದಿಲ್ಲ.

ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಸೇಡಂ ರಸ್ತೆಯಲ್ಲೇ, ಬಹಮನಿ ಕಾಲದ ಗುಮ್ಮಟಗಳಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಸನ್ನತಿಯ ಶಿಲ್ಪಗಳನ್ನು ಅಲ್ಲಿ ನೋಡಬಹುದು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ದಾಟಿ ಹೋದ ಜಾಗ ಅದು, ಒಮ್ಮೆ ಇಳಿಯಿರಿ. ಸಿಮೆಂಟು, ಫರಸಿ, ತೊಗರಿ ಮೂರೇ ನಮ್ಮ ನೆಲದ ಬೆಳೆ ಅಂದುಕೊಂಡ ಮಗುವಿಗೆ, ಇದೇ ಕಲ್ಲಿನಲ್ಲಿ ಅಶೋಕನ ಮುಖ ಹುಟ್ಟಿತ್ತು, ಇದೇ ಸೀಮೆಯ ಹುಡುಗ ಮುಂಬೈಯ ಗೋಡೆಗಳಿಗೆ ಬಣ್ಣ ಕೊಟ್ಟಿದ್ದ ಅಂತ ತಿಳಿಯಲಿ.

ಸರ್ಕಾರಿ ಶಾಲೆಯ ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ತೆಗೆಯುತ್ತಾ ಬೈಸಿಕೊಳ್ಳುವ ಮಗು ನಿಮ್ಮೂರಲ್ಲೂ ಇದ್ದೇ ಇರುತ್ತದೆ. ಬೈಯುವ ಮುಂಚೆ ಆ ಹಾಳೆ ಒಮ್ಮೆ ಇಸಿದುಕೊಂಡು ನೋಡಿ. ಕೆಳಗಿನ ಮೂಲೆಯಲ್ಲಿ ಹೆಸರು ಬರೆಯಲು ಹೇಳಿ.